ನಾಲ್ಕು ಬೋಲ್ಟು, ಒಂದು ಶುಕ್ರವಾರ

ಮನೆಯಿಂದ,
ಮಂಗಳವಾರ, ಮಾರ್ಚ್ ೧೧

ಪ್ರೀತಿಯ ಯಜಮಾನರಿಗೆ,

ಮೊದಲಿಗೇ ಕ್ಷಮೆ ಬೇಡುತ್ತೇನೆ. ಭಾನುವಾರದ ಕಾಗದದಲ್ಲಿ ‘ಗಾಡಿ ಸಿದ್ಧವಾಗಿದೆ, ಶುಕ್ರವಾರ ಬಂದು ನಿಮ್ಮನ್ನು ಮನೆಗೆ ಕರೆತರುತ್ತೇವೆ’ ಎಂದು ಬರೆದಿದ್ದೆ. ಅದು ತಪ್ಪು. ಗಾಡಿ ಸಿದ್ಧವಾಗಿಲ್ಲ. ಏಕೆಂಬುದನ್ನು ಮುಂದೆ ವಿವರವಾಗಿ ಬರೆಯುತ್ತೇನೆ. ಅಷ್ಟರೊಳಗೆ ಸಿಟ್ಟು ಮಾಡಿಕೊಂಡು ಕಾಗದವನ್ನು ದಿಂಬಿನಡಿಗೆ ತಳ್ಳಬೇಡಿ.

ಸೊಂಟದ ನೋವು ಹೇಗಿದೆ? ರಾತ್ರಿ ನಿದ್ದೆ ಬರುತ್ತಿದೆಯೇ? ನಡೆಗೋಲು ಹಿಡಿದು ಕಿಟಕಿಯವರೆಗೆ ಹೋಗಿಬಂದಿರೆಂದು ಶುಶ್ರೂಷಾಲಯದ ದಾದಿ ಫೋನಿನಲ್ಲಿ ಹೇಳಿದಾಗ ಎಷ್ಟು ಹಿತವಾಯಿತೋ, ಅವಳ ಮುಂದಿನ ಮಾತು ಕೇಳಿ ಅಷ್ಟೇ ಕಳವಳವಾಯಿತು. ‘ಅಜ್ಜ ಬೆಳಿಗ್ಗೆ ಚೀಲ ಕಟ್ತಾರೆ, ಸಂಜೆ ಟವೆಲ್ ಬೇಕು ಅಂತ ಬಿಚ್ತಾರೆ. ಶುಕ್ರವಾರ ಗಾಡಿ ಬರದಿದ್ರೆ ಬಸ್ಸಿದೆ ಅಂತ ಹೇಳು ಅಂದ್ರು’ ಎಂದಳು. ವೈದ್ಯರು ಹೇಳಿದ್ದನ್ನು ನೀವೂ ಕೇಳಿದ್ದೀರಿ: ಮೂಳೆ ಈಗಷ್ಟೇ ಕೂಡಿಕೊಳ್ಳುತ್ತಿದೆ, ಮೆಟ್ಟಿಲು ಹತ್ತಬಾರದು, ಮೈ ಕುಲುಕಬಾರದು, ಕಾಲು ಚಾಚಿ ಒರಗಿಯೇ ಪ್ರಯಾಣ ಮಾಡಬೇಕು, ಮತ್ತೊಮ್ಮೆ ಮುರಿದರೆ ಎದ್ದು ನಿಲ್ಲುವ ಭರವಸೆ ಕೊಡಲಾಗದು. ನಮ್ಮ ಗಾಡಿಯ ಮುಂದಿನ ಆಸನ ಮಂಚದಂತೆ ಹಿಂದಕ್ಕೆ ಒರಗುತ್ತದೆಂದೇ ಅಲ್ಲವೇ ಬೇರೆ ಗಾಡಿ ಬೇಡವೆಂದು ನಿಶ್ಚಯಿಸಿದ್ದು? ಇದೆಲ್ಲವನ್ನೂ ಫೋನಿನಲ್ಲಿ ಹೇಳಹೊರಟರೆ ನಿಮಗೆ ಅರ್ಧ ಕೇಳಿಸುತ್ತದೆ, ಉಳಿದರ್ಧವನ್ನು ನೀವೇ ರಚಿಸಿಕೊಳ್ಳುತ್ತೀರಿ. ಆದ್ದರಿಂದ ಈ ಕಾಗದವನ್ನು ಶೀಘ್ರ ಅಂಚೆಯಲ್ಲಿ ಕಳುಹಿಸುತ್ತಿದ್ದೇನೆ.

ಮುಂದಿನ ಎಡ ಚಕ್ರದಿಂದ ಗೊರಗೊರ ಸದ್ದು ಬರುತ್ತಿದ್ದುದು ನಿಮಗೆ ನೆನಪಿರಬೇಕು. ಟೈರು ಸವೆದಿದೆ ಎಂದು ನೀವು ತೀರ್ಪಿತ್ತಿದ್ದಿರಿ. ನಿಮ್ಮ ತಮ್ಮ ಶನಿವಾರ ಬಂದು, ಜಾಕಿನ ಮೇಲೆ ಗಾಡಿಯನ್ನೆತ್ತಿ, ಚಕ್ರವನ್ನು ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿದ. ಅದು ಸಡಿಲವಾದ ಹಲ್ಲಿನಂತೆ ಆಡಿತು. ‘ಟೈರಲ್ಲ ಅತ್ತಿಗೆ, ಬೇರಿಂಗ್ ಹೋಗಿದೆ’ ಎಂದ. ಬೇರಿಂಗಿಗೆ ಕನ್ನಡದಲ್ಲಿ ‘ಉರುಳಾಸರೆ’ ಎನ್ನಬಹುದಲ್ಲವೇ ಎಂದು ಕೇಳಿದೆ. ‘ಹಾಗೆ ಕೇಳಿದ್ರೆ ಅಂಗಡಿಯವ್ರು ಔಷಧಿ ಅಂಗಡಿಗೆ ಹೋಗಿ ಅಂತಾರೆ’ ಎಂದು ನಕ್ಕ. ಪದವನ್ನು ಅಲ್ಲಿಗೇ ಬಿಟ್ಟೆ.

ಅವನ ಕೈಯಲ್ಲಿ ಕಸುಬಿದೆ, ಆದರೆ ತಾಳ್ಮೆ ಎಂಬುದು ನಿಮ್ಮ ಮನೆತನದಲ್ಲಿ ಯಾರಿಗೂ ಬಂದಿಲ್ಲ. ಬೇರಿಂಗನ್ನು ಹಿಂದಿನಿಂದ ಹಿಡಿದಿಡುವುದು ನಾಲ್ಕು ಬೋಲ್ಟುಗಳು. ತುಕ್ಕು ಹಿಡಿದಿದ್ದ ಅವುಗಳಲ್ಲಿ ಒಂದು, ಬಿಚ್ಚುವಾಗ ಕುತ್ತಿಗೆ ಮುರಿದುಕೊಂಡಿತು. ಹೊಸ ಬೇರಿಂಗನ್ನು ತಂದಿದ್ದ, ಹೊಸ ಬೋಲ್ಟುಗಳನ್ನು ತಂದಿರಲಿಲ್ಲ. ನೇರವಾಗಿ ನಿಮ್ಮ ಬಿಸ್ಕತ್ತಿನ ಡಬ್ಬಿಗೇ ಕೈಹಾಕಿದ. ಹುಟ್ಟಿದಂದಿನಿಂದ ನೀವು ಒಂದು ಬೋಲ್ಟನ್ನೂ ಎಸೆದವರಲ್ಲ. ಕೈಯಲ್ಲಿ ತಿರುಗಿಸಿದಾಗ ಒಳಗೆ ಹೋದರೆ ಅದೇ ಸರಿಯಾದ ಬೋಲ್ಟು ಎಂಬುದು ಅಣ್ಣತಮ್ಮಂದಿರಿಬ್ಬರ ನಂಬಿಕೆ. ಒಂದೇ ಮುಖದ ನಾಲ್ಕು ಸಿಕ್ಕವು, ಹೊಕ್ಕವು, ಬಿಗಿಯಾದವು. ಭಾನುವಾರ ಬೀದಿಯ ಕೊನೆಯವರೆಗೆ ಓಡಿಸಿಕೊಂಡು ಬಂದು, ‘ಬೆಣ್ಣೆ ಅತ್ತಿಗೆ, ಬೆಣ್ಣೆ!’ ಎಂದು ಅಂಗಳದಿಂದಲೇ ಕೂಗಿದ. ನಾನು ಒಳಗೆ ಓಡಿ ನಿಮಗೆ ಆ ಕಾಗದ ಬರೆದೆ.

ನಿನ್ನೆ ಅಂಗಳ ಗುಡಿಸುವಾಗ ಹಳೆಯ ಬೋಲ್ಟುಗಳು ಕಣ್ಣಿಗೆ ಬಿದ್ದವು. ಏನಾದರೂ ಅಚ್ಚಾಗಿದ್ದರೆ ಓದದೆ ಬಿಡಲಾರೆನೆಂಬುದು ನಿಮಗೆ ಗೊತ್ತು. ಸಾಬೂನಿನ ಹೊದಿಕೆಯನ್ನೂ ಬಿಟ್ಟವಳಲ್ಲ. ಸೆರಗಿನಿಂದ ಒರೆಸಿ ನೋಡಿದರೆ ತಲೆಯ ಮೇಲೆ ೧೦.೯ ಎಂದಿತ್ತು. ಹೊಸದಾಗಿ ಹಾಕಿದ್ದರ ಜೊತೆಯವು ಡಬ್ಬಿಯಲ್ಲಿ ಇನ್ನೂ ಇದ್ದವು. ಅವುಗಳ ಮೇಲೆ ೮.೮. ಪಕ್ಕಪಕ್ಕ ಇಟ್ಟರೆ ಡಬ್ಬಿಯದು ಒಂದು ಅಕ್ಕಿಕಾಳಿನಷ್ಟು ಹೆಚ್ಚು ಉದ್ದವೂ ಇತ್ತು. ನಿಮ್ಮ ತಮ್ಮನನ್ನು ಕರೆಸಿದೆ. ‘ಬೋಲ್ಟಲ್ಲೂ ತಪ್ಪು ತಿದ್ದೋಕೆ ಕೂತ್ರಾ ಅತ್ತಿಗೆ? ಹೊಕ್ತು, ಬಿಗೀತು, ಇನ್ನೇನು?’ ಎಂದ. ‘ಹೊಕ್ಕಿತಪ್ಪಾ, ತಡೆಯುತ್ತದೆಯೇ?’ ಎಂದೆ. ‘ಅಣ್ಣ ಇಷ್ಟು ವರ್ಷ ಡಬ್ಬಿ ಬೋಲ್ಟಲ್ಲೇ ಓಡಿಸ್ಲಿಲ್ವಾ?’ ‘ಓಡಿಸಿದರು. ಮುರಿದ ಸೊಂಟ ಇಟ್ಟುಕೊಂಡು ಅದೇ ಗಾಡಿಯಲ್ಲಿ ಮಲಗಿ ಬಂದಿರಲಿಲ್ಲ.’

ಎರಡೂ ಬಗೆಯ ಬೋಲ್ಟುಗಳನ್ನು ಕೈಚೀಲಕ್ಕೆ ಹಾಕಿಕೊಂಡು ಬಿಡಿಭಾಗಗಳ ಅಂಗಡಿಗೆ ಹೋದೆವು. ಅಂಗಡಿಯಾಕೆ ಒಂದೊಂದನ್ನೂ ದೀಪದಡಿ ಹಿಡಿದು ನೋಡಿ, ‘ಸುತ್ತು ಒಂದೇ, ದಪ್ಪ ಒಂದೇ, ಅದಕ್ಕೇ ಹೊಕ್ಕಿದೆ. ಆದ್ರೆ ತಲೆ ಮೇಲಿನ ಅಂಕಿ ಗಟ್ಟಿತನದ್ದು, ಈ ಎಂಟೂ ಎಂಟರದ್ದು ಮೆದು. ತಿರುವಿನಲ್ಲಿ ಭಾರ ಬೀಳ್ತಾ ಬೀಳ್ತಾ ಎಳೆದುಕೊಂಡು ಸಡಿಲ ಆಗುತ್ತೆ, ಆಮೇಲೆ ಚಕ್ರ ನಿಮ್ಮ ಮಾತು ಕೇಳಲ್ಲ’ ಎಂದಳು. ಉದ್ದ ಹೆಚ್ಚಾದರೆ ತುದಿ ಬ್ರೇಕಿನ ತಟ್ಟೆಗೆ ಉಜ್ಜುವ ಭಯವೂ ಉಂಟಂತೆ. ಹಾಗಾದರೆ ಹಳೆಯ ಮೂರನ್ನೇ ಮರಳಿ ಹಾಕಿ, ಒಂದನ್ನು ಮಾತ್ರ ಕೊಳ್ಳೋಣವೇ ಎಂದು ನಾನೇ ಜಾಣತನ ತೋರಿಸಿದೆ. ‘ಅಮ್ಮಾ, ನಿಮ್ಮ ಗಾಡಿಗೆ ಇವು ಒಂದೇ ಸಲಕ್ಕೆ. ಒಮ್ಮೆ ಬಿಗಿದ್ರೆ ಹಿಗ್ಗಿರುತ್ವೆ. ನಾಲ್ಕೂ ಹೊಸದು, ಅದೇ ಉದ್ದ, ಅದೇ ಹತ್ತೂ ಒಂಬತ್ತು’ ಎಂದು ನನ್ನ ಜಾಣತನವನ್ನು ಕೈಚೀಲಕ್ಕೇ ಹಿಂತಿರುಗಿಸಿದಳು. ಗಾಡಿಯ ಸಂಖ್ಯೆ ನೋಡಿ ತರಿಸಬೇಕು, ಮುಂದಿನ ಸೋಮವಾರ ಬರುತ್ತವೆ ಎಂದಳು. ಎಷ್ಟು ಬಿಗಿಯಾಯಿತೆಂದು ಅಳೆದು ತೋರಿಸುವ ಸ್ಪ್ಯಾನರನ್ನೂ ಎರವಲು ಕೊಡುತ್ತಾಳಂತೆ.

ಮನೆಗೆ ಬಂದವನೇ ನಿಮ್ಮ ತಮ್ಮ ಚಕ್ರ ಬಿಚ್ಚಿ, ಗಾಡಿಯನ್ನು ಮರದ ದಿಮ್ಮಿಗಳ ಮೇಲೆ ನಿಲ್ಲಿಸಿದ. ಡಬ್ಬಿಯ ಬೋಲ್ಟುಗಳನ್ನು ತೆಗೆದಾಗ, ಬೀದಿಯ ಕೊನೆಯವರೆಗಿನ ಆ ಒಂದು ಓಟಕ್ಕೇ ಒಂದರ ತುದಿ ಹೊಳಪಾಗಿ ಉಜ್ಜಿಹೋಗಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತ. ಕಾಫಿ ಕೊಟ್ಟರೆ ಕುಡಿಯಲಿಲ್ಲ. ‘ಇಳಿಜಾರಲ್ಲಿ ಅಣ್ಣನ್ನ ಪಕ್ಕ ಮಲಗಿಸ್ಕೊಂಡು ಬರ್ತಿದ್ದೆ ಅತ್ತಿಗೆ’ ಎಂದಷ್ಟೇ ಹೇಳಿದ. ಅವನನ್ನು ಬೈಯಬೇಡಿ. ನೀವು ಬೈಯಬಹುದಾದದ್ದನ್ನೆಲ್ಲ ಅವನೇ ಬೈದುಕೊಂಡಾಗಿದೆ.

ದಾದಿಗೆ ನನ್ನ ನಮಸ್ಕಾರ ತಿಳಿಸಿ. ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ನುಂಗಿ. ಬೇಗ ಗುಣವಾಗಲಿ ಎಂದು ಹಾರೈಸುವ,

ನಿಮ್ಮ ಮನೆಯಾಕೆ

ಅಂಚೆಗೆ ಹೊರಟು ನಿಂತು, ಅವಸರದಲ್ಲಿ: ಬಸ್ಸು ಹತ್ತಬೇಡಿ ರೀ. ಇಷ್ಟುದ್ದ ಬರೆದದ್ದೆಲ್ಲ ಈ ಒಂದು ಮಾತಿಗೆ. ನೀವಿಲ್ಲದ ಮನೆ ನನಗೂ ಸಾಕಾಗಿದೆ. ಇಲ್ಲದಿದ್ದರೆ ಬೋಲ್ಟಿನ ತಲೆ ನೋಡದೆ ಕಾಗದ ಬರೆಯಲು ಓಡುವವಳೇ ನಾನು? ದಿನಾಂಕಗಳನ್ನು ಹೀಗೆ ತಿದ್ದಿಕೊಳ್ಳಿ:

ಗಾಡಿ ಸಿದ್ಧವಾಗುವುದು: ಮಾರ್ಚ್ ೯ ಅಲ್ಲ, ಮಂಗಳವಾರ, ಮಾರ್ಚ್ ೧೮.
ನಿಮ್ಮ ತಮ್ಮ ಅದನ್ನು ತರುವುದು, ನೀವು ಮನೆಗೆ ಹೊರಡುವುದು: ಮಾರ್ಚ್ ೧೪ ಅಲ್ಲ, ಗುರುವಾರ, ಮಾರ್ಚ್ ೨೦.
ನಾನು ಬರುವುದು: ಶುಕ್ರವಾರ, ಮಾರ್ಚ್ ೧೪. ಇದನ್ನು ತಿದ್ದಬೇಡಿ. ಬಸ್ಸಿನಲ್ಲಿ ಬರುತ್ತೇನೆ. ಗುರುವಾರದವರೆಗೆ ನಿಮ್ಮ ಹಾಸಿಗೆಯ ಪಕ್ಕದ ಕುರ್ಚಿ ನನ್ನದು.