ನಾದಿನಿಯ ಮೊದಲ ಪ್ರಶ್ನೆ

ಮಾರ್ಚ್ ೧೧, ಬುಧವಾರ

ಸಿಟ್ಟು ಇನ್ನೂ ಇಳಿದಿಲ್ಲ. ಎರಡು ವರ್ಷದಿಂದ ಇವರ ಗಂಟಲಿನ ಕ್ಯಾನ್ಸರಿಗೆ ನಾನೇ ನರ್ಸು, ನಾನೇ ಆಯಾ. ಇವತ್ತು ನನ್ನದೇ ರಿಪೋರ್ಟ್ ಬಂತು: ಸ್ತನದಲ್ಲಿ ಕ್ಯಾನ್ಸರ್. ನಾದಿನಿಗೆ ಫೋನ್ ಮಾಡಿ ಹೇಳಿದರೆ ಅವಳ ಬಾಯಿಂದ ಮೊದಲು ಬಂದದ್ದು, "ಅಯ್ಯೋ ಅತ್ತಿಗೆ, ಇನ್ನು ಅಣ್ಣನ್ನ ನೋಡ್ಕೊಳ್ಳೋರು ಯಾರು?"

"ನೀನೇ ಬಾ. ಟ್ಯೂಬಲ್ಲಿ ಊಟ ಹಾಕೋದು ಹೇಳ್ಕೊಡ್ತೀನಿ," ಎಂದು ಫೋನ್ ಕುಕ್ಕಿದೆ.

ಮಂಚದಲ್ಲಿದ್ದ ಇವರಿಗೆ ಎಲ್ಲ ಕೇಳಿಸಿತ್ತು. ದನಿ ಹೋಗಿದೆಯಲ್ಲ, ಸ್ಲೇಟಿನಲ್ಲಿ ಬರೆದು ತೋರಿಸಿದರು: "ನಿಂಗೆ ನೋವಿದೆಯಾ?"

ಇವರ ಮೇಲೂ ರೇಗಿದೆ. "ಎರಡು ತಿಂಗಳಿಂದ ಎಡಗೈ ಎತ್ತೋಕಾಗ್ದೆ ಒಂದೇ ಕೈಲಿ ನಿಮಗೆ ಸ್ನಾನ ಮಾಡಿಸ್ತಿದ್ದೆ. ಆಗ ಕೇಳ್ಬಾರದಿತ್ತಾ?"

ಅಳಿಸಿ ಮತ್ತೆ ಬರೆದರು: "ಕೇಳಿದ್ರೆ ಹೇಳ್ತಿದ್ಯಾ?"

ಹೇಳುತ್ತಿರಲಿಲ್ಲ, ನಿಜ. ಆದರೂ ಕೇಳಬೇಕಿತ್ತು.