ಹೊಲಿಗೆಯವಳ ವಿಳಾಸ

ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ಪುಟ್ಟಿ,

ನೀನೂ ಮಗುವೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಮೂರು ಇಮೇಲಿಗೂ ಉತ್ತರ ಬರೆಯದೆ ಕೂತವಳು ನಾನು, ಎಷ್ಟು ಬೇಕೋ ಬೈದುಕೋ. ಮಗುವನ್ನು ನೋಡಲು ಬರುತ್ತೇನೆಂದು ಮಾತು ಕೊಟ್ಟು ಬರಲಿಲ್ಲ. ನಿನ್ನ ಭಾವನ ಬಲಗೈಯ ಮೂರು ಬೆರಳು ಮುರಿದಿವೆ. ಮೆಟ್ಟಿಲಿನಿಂದ ಬಿದ್ದರು ಎಂದು ಅಮ್ಮನಿಗೆ ಹೇಳಿದ್ದೇನೆ. ನಿನ್ನ ಹತ್ತಿರ ಸುಳ್ಳು ಹೇಳಲಾರೆ. ಸುತ್ತಿಗೆಯಲ್ಲಿ ಜಜ್ಜಿದರು.

"ಪುಕ್ಕಟೆ ಕೊಟ್ಟು ಹೊಟ್ಟೆಗೇನ್ ತಿಂತೀರಕ್ಕ" ಎಂದು ನೀನು ನಗುತ್ತಿದ್ದೆ. ನಮ್ಮ ಪ್ಲಗಿನ್ ಎಂಬ ಪುಟ್ಟ ಪ್ರೋಗ್ರಾಮನ್ನು ಯಾವ ಅಂಗಡಿಯವರಾದರೂ ತಮ್ಮ ವೆಬ್‌ಸೈಟಿಗೆ ಜೋಡಿಸಿಕೊಳ್ಳಬಹುದು. ಗಿರಾಕಿ ಆರ್ಡರ್ ತುಂಬಿದರೆ ಉತ್ತರದ ಇಮೇಲ್ ತಾನಾಗಿ ಹೋಗುತ್ತದೆ. ಕೋಡ್ ಎಲ್ಲರಿಗೂ ತೆರೆದದ್ದು, ಬಳಸಲು ಕಾಸಿಲ್ಲ. ಕೆಟ್ಟ ಕೂಡಲೇ ರಿಪೇರಿ ಬೇಕೆನ್ನುವವರು ಮಾತ್ರ ವರ್ಷಕ್ಕಿಷ್ಟು ಎಂದು ಕೊಡುತ್ತಾರೆ. ಬೇಕರಿಯ ಮೇಲಿನ ಒಂದು ಕೋಣೆ, ಎರಡು ಮೇಜು, ನಾನು ಮತ್ತು ಭಾವ. ಆರು ವರ್ಷ ಹೀಗೇ ನಡೆಯಿತು.

ಜನವರಿಯಲ್ಲಿ ಹೊಸ ಆವೃತ್ತಿ ಬಿಟ್ಟೆವು. ಅದರಲ್ಲಿ ಒಂದು ಸಾಲು ತಪ್ಪಿತ್ತು. ಅಂಗಡಿಯವರು ಪ್ಲಗಿನ್ನಿನ ಒಳಗೆ ಗುಟ್ಟಾಗಿ ಬರೆದಿಟ್ಟ ಮನೆ ವಿಳಾಸ ಗಿರಾಕಿಗೆ ಹೋಗುವ ಇಮೇಲಿನ ಅಡಿಯಲ್ಲಿ ಕಾಣಿಸತೊಡಗಿತು. ಬಹಳ ಜನ ಗಮನಿಸಲೂ ಇಲ್ಲ. ಬೇರೆ ಊರಿನಲ್ಲಿ ನಮ್ಮ ಪ್ಲಗಿನ್ ಬಳಸುವ ಒಬ್ಬ ಹೊಲಿಗೆಯವಳಿದ್ದಳು. ಹೊಡೆದು ಬಡಿದು ಮಾಡುವ ಗಂಡನನ್ನು ಬಿಟ್ಟು ಬಂದವಳು. ಇರುವ ಜಾಗ ಯಾರಿಗೂ ಹೇಳದೆ, ವೆಬ್‌ಸೈಟಿನ ಮೂಲಕವೇ ಕೆಲಸ ಹಿಡಿದು ಬಟ್ಟೆ ಹೊಲಿದು ಕಳಿಸುತ್ತಿದ್ದಳು. ಗಂಡ ಹೇಗೋ ಆ ವೆಬ್‌ಸೈಟ್ ಪತ್ತೆಮಾಡಿ ಬೇರೆ ಹೆಸರಿನಲ್ಲಿ ಒಂದು ಅಂಗಿಗೆ ಆರ್ಡರ್ ಕೊಟ್ಟ. ಬಂದ ಉತ್ತರದಲ್ಲಿ ಅವಳ ಬೀದಿ, ಮನೆ ನಂಬರು ಎಲ್ಲ ಇತ್ತು. ಮಧ್ಯಾಹ್ನ ಹೋಗಿ ಬಾಗಿಲು ತಟ್ಟಿದ. ಅವಳದೇ ಕತ್ತರಿಯಿಂದ ಒಂಬತ್ತು ಕಡೆ ಇರಿದ. ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅವನು ಜೈಲಿನಲ್ಲಿದ್ದಾನೆ.

ಅವಳ ಅಣ್ಣ ವೆಲ್ಡಿಂಗ್ ಕೆಲಸದವನು. ಕೋಡಿನ ನೆತ್ತಿಯ ಮೇಲೆ ನಮ್ಮ ಹೆಸರು, ಆಫೀಸಿನ ವಿಳಾಸ ಇರುತ್ತದೆ, ಹೆಮ್ಮೆಯಿಂದ ನಾವೇ ಹಾಕಿಕೊಂಡದ್ದು. ಬೆಳಿಗ್ಗೆ ಹನ್ನೊಂದಕ್ಕೆ ಬಂದ. ಗಿರಾಕಿಯೆಂದು ನಾನು ಕುರ್ಚಿ ಎಳೆದುಕೊಟ್ಟೆ. ಕೂರಲಿಲ್ಲ. ಆ ಇಮೇಲಿನ ಪ್ರಿಂಟು ತಂದಿದ್ದ. ಮೇಜಿನ ಮೇಲಿಟ್ಟು ತಂಗಿಗಾದದ್ದನ್ನೆಲ್ಲ ಹೇಳಿ, "ಈ ಕೊನೇ ಸಾಲು ಬರೋ ಹಾಗೆ ಮಾಡ್ದೋರು ಯಾರು?" ಎಂದ, ಮೆಲ್ಲಗೆ.

ಭಾವ ಎದ್ದು ನಿಂತು "ನಾನು" ಎಂದರು.

ಚೀಲದಿಂದ ಸುತ್ತಿಗೆ ತೆಗೆದ. ಮೊದಲು ಎರಡೂ ಸ್ಕ್ರೀನು. ಆಮೇಲೆ ಭಾವನ ಕೈಯನ್ನು ಕೀಬೋರ್ಡಿನ ಮೇಲೆ ಅದುಮಿ ಹಿಡಿದು, ಒಂದೊಂದೇ ಬೆರಳಿಗೆ ಕೊಟ್ಟ. ಮೂಳೆ ಮುರಿಯುವ ಸದ್ದು ತೀರಾ ಚಿಕ್ಕದು ಪುಟ್ಟಿ, ಒಣಕಡ್ಡಿ ಮುರಿದ ಹಾಗೆ. ನಾನು ಅವನ ಬೆನ್ನಿಗೆ ಜೋತುಬಿದ್ದು ಭುಜ ಕಚ್ಚಿದೆ. ಮೊಣಕೈಯಲ್ಲಿ ತಿವಿದ, ನನ್ನ ಎರಡು ಹಲ್ಲು ಉದುರಿದವು. ನಾಲ್ಕನೆಯ ಏಟಿಗೆ ಎತ್ತಿದ ಕೈ ಅಲ್ಲೇ ನಿಂತಿತು. "ಅವ್ಳಿಗೆ ಒಂಬತ್ತು ಬಿತ್ತಲ್ಲ" ಎಂದು ನೆಲದ ಮೇಲೆ ಕುಸಿದ. ಬೇಕರಿಯವರು ಓಡಿ ಬಂದಾಗ ನಾವು ಮೂವರೂ ಗಾಜಿನ ಚೂರಿನ ನಡುವೆ ಕೂತಿದ್ದೆವು.

ಪೊಲೀಸರು ಬಂದರು. "ಬಿದ್ದೆ ಸಾರ್" ಎಂದರು ಭಾವ.

"ಸ್ಕ್ರೀನೂ ನಿಮ್ಜೊತೆ ಬಿತ್ತಾ?"

ಭಾವ ಹೂಂ ಎಂದರು. ದೂರು ಕೊಡಲಿಲ್ಲ. ವೆಲ್ಡರ್ ಮೆಟ್ಟಿಲಿಳಿದು ಹೋದ.

ಆ ಸಾಲು ಬರೆದವಳು ನಾನು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಭಾವ, "ನಿನ್ನದು ಅಂತ ಯಾರ ಹತ್ರಾನೂ ಬಾಯಿ ಬಿಡ್ಬೇಡ" ಎಂದರು. ಅಂದು ಸಂಜೆಯೇ ನಾನು ಮನೆಯ ಲ್ಯಾಪ್‌ಟಾಪಿನಲ್ಲಿ ತಪ್ಪು ತಿದ್ದಿ, ಬಳಸುವವರಿಗೆಲ್ಲ ಕ್ಷಮೆ ಕೇಳಿ ಬರೆದೆ. ನಮಗೆ ಇವತ್ತೇ ಗೊತ್ತಾದದ್ದು ಎಂದೂ ಬರೆದೆ. ಈಗ ಕೋಣೆ ಖಾಲಿ ಮಾಡಿದ್ದೇವೆ. ದೂರದಲ್ಲೆಲ್ಲೋ ಇರುವ ಇಬ್ಬರು ಅಪರಿಚಿತರು ಆ ಕೋಡನ್ನು ಮುಂದುವರಿಸುತ್ತಿದ್ದಾರೆ. ಭಾವ ಎಡಗೈಯಲ್ಲಿ ಅನ್ನ ಕಲಸುವುದನ್ನು ಕಲಿಯುತ್ತಿದ್ದಾರೆ, ಅರ್ಧ ತಟ್ಟೆಯಲ್ಲಿ, ಅರ್ಧ ಅಂಗಿಯ ಮೇಲೆ. ಇಬ್ಬರೂ ನಗುತ್ತೇವೆ. ಕಂಪ್ಯೂಟರ್ ಮುಟ್ಟಲು ನನ್ನ ಕೈ ಏಳುವುದಿಲ್ಲ, ಅದಕ್ಕೇ ಈ ಕಾಗದ.

ಮಗುವಿಗೆ ನೂರು ಮುತ್ತು. ಅದರ ಹಾಲುಗಲ್ಲಕ್ಕೆ ಯಾರ ಕಣ್ಣೂ ತಾಗದಿರಲಿ, ನೀವೆಲ್ಲ ತಣ್ಣಗಿರಿ.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಇದು ಭಾವನಿಗೂ ಗೊತ್ತಿಲ್ಲ. ಆ ಹೊಲಿಗೆಯವಳ ಗಂಡ ಬಾಗಿಲು ತಟ್ಟುವುದಕ್ಕೆ ಹನ್ನೊಂದು ದಿನ ಮೊದಲು ಅವಳು ನಮಗೆ ಬರೆದಿದ್ದಳು. "ಮೇಡಂ, ನನ್ನ ಮನೆ ವಿಳಾಸ ಇಮೇಲಲ್ಲಿ ಕಾಣ್ತಿದೆ. ನನಗೆ ಭಯ ಆಗುತ್ತೆ. ನಿಮ್ಮ ಪ್ಲಗಿನ್ ತೆಗೆದುಬಿಟ್ರೆ ಆರ್ಡರ್ ನಿಂತುಹೋಗುತ್ತೆ, ಬೇಗ ಸರಿ ಮಾಡ್ಕೊಡಿ" ಎಂದು. ಅವಳು ದುಡ್ಡು ಕೊಡುವವರ ಪಟ್ಟಿಯಲ್ಲಿರಲಿಲ್ಲ. ಉಚಿತವಾಗಿ ಬಳಸುವವರ ದೂರುಗಳನ್ನು ಮುಂದಿನ ತಿಂಗಳು ನೋಡುತ್ತೇವೆ ಎಂದು ಉತ್ತರ ಕೊಟ್ಟವಳು ನಾನು. ವೆಲ್ಡರ್ ಹೋದ ಮೇಲೆ ಅದೆಲ್ಲವನ್ನೂ ಅಳಿಸಿಹಾಕಿದೆ. ಅವಳು ಕೊನೆಗೆ ಬರೆದದ್ದು ಮಾತ್ರ ಅಳಿಯುತ್ತಿಲ್ಲ: "ಆಗ್ಲಿ ಮೇಡಂ, ಕಾಯ್ತೀನಿ."