ಮಂಚದ ಕಾಲಿನ ದೀಪ

ರೀ,

ಹಾಲು ಕಾಯಿಸೋ ಪಾತ್ರೆಯಲ್ಲಿ ವಾರ್ನಿಶ್ ಕಲಸಿದ್ದೀರಲ್ಲ, ಥೂ! ಅದನ್ನಿನ್ನು ನೀವೇ ಇಟ್ಟುಕೊಳ್ಳಿ. ಮರ ಕಡೆಯೋ ಆ ಲೇತ್‌ನಿಂದ ಹಾರಿದ ಸಿಪ್ಪೆ ಹಿಟ್ಟಿನ ಡಬ್ಬದಲ್ಲಿದೆ, ನನ್ನ ಬಾಚಣಿಗೆಯಲ್ಲೂ ಇದೆ. ಊಟ ಮುಚ್ಚಿಟ್ಟಿದ್ದೇನೆ. ಹಲ್ಲಿಗೆ ಏನಾದರೂ ಸಿಕ್ಕರೆ ನನ್ನನ್ನು ಕೇಳಬೇಡಿ.

ಟೇಬಲ್ ಲ್ಯಾಂಪ್ ಮಾಡೋಕೆ ಅತ್ತೆಯ ಮಂಚದ ಕಾಲೇ ಬೇಕಿತ್ತಾ? ಅವರಿಲ್ಲದಾಗ ಅದನ್ನು ಕೊಯ್ದು, ಮಂಚಕ್ಕೆ ಇಟ್ಟಿಗೆ ಕೊಟ್ಟಿರಿ. ಇಷ್ಟೆಲ್ಲ ಮಾಡಿ, ವೈರ್ ಹೋಗೋಕೆ ನಡುವೆ ತೂತು ಕೊರೆಯೋದನ್ನೇ ಮರೆತು ಹೊರಗಿನಿಂದ ಟೇಪ್ ಸುತ್ತಿದ್ದೀರಿ. ಕೇಳಿದರೆ ಮರವೇ ಸರಿಯಿಲ್ಲವಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ಬೆಳಗ್ಗೆ ಅತ್ತೆ ನಿಮ್ಮಕ್ಕನ ಮನೆಯಿಂದ ಬಂದರು. ನೀವು ಗೊರಕೆ ಹೊಡೆಯುತ್ತಿದ್ದಿರಿ. ಇಟ್ಟಿಗೆ ನೋಡಿದರು, ಬೈಯಲಿಲ್ಲ. ದೀಪವನ್ನು ತೊಡೆಯ ಮೇಲಿಟ್ಟುಕೊಂಡು ಸುತ್ತಲೂ ಬೆರಳಾಡಿಸಿದರು.

"ಹಲ್ಲು ಬರೋವಾಗ ಇವನು ಇದನ್ನೇ ಕಚ್ಕೊಂಡು ನಿಲ್ತಿದ್ದ. ನಾಲ್ಕು ಹಲ್ಲಿನ ಗುರುತಿತ್ತು, ಎಲ್ಲಿ ಹೋಯ್ತೇ?" ಅಂದರು.

"ತುಂಬಾ ನಯ ಮಾಡಿದ್ದಾರೆ ಅತ್ತೆ" ಅಂದೆ.

ಈಗ ಹಿತ್ತಲಲ್ಲಿ ನಿಮ್ಮ ಲೇತ್ ಪಕ್ಕ ಕೂತು ಸಿಪ್ಪೆ ಆರಿಸುತ್ತಿದ್ದಾರೆ. ನನಗೆ ಕೆಲಸಕ್ಕೆ ಹೊತ್ತಾಯಿತು. ಎದ್ದು ಹೋಗಿ, ಆ ಗುರುತು ಇನ್ನು ಸಿಗೋದಿಲ್ಲ ಅಂತ ನೀವೇ ಹೇಳಿ.